ಓಗೊಡಬಾರದ ಹೆಸರು

ಹೆಸರು ಕ್ಷೀರಸಾಗರ ಭಟ್ಟ, ಬಾಗಿಲು ತಟ್ಟಿ ಮಜ್ಜಿಗೆ ಕೇಳಿದರೆ ಒಳಗಿನಿಂದ ಯಾರೂ ಓಗೊಡಲೇ ಇಲ್ಲವಂತೆ. ಗಾದೆ ಹೀಗಿಲ್ಲ, ನಿಜ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುವವರಿಗೆ ಸಿಟ್ಟು ಬರಬಹುದು, ಬರಲಿ. ಗಾದೆ ಸೊಟ್ಟಗಾದರೂ ಕಥೆ ನೆಟ್ಟಗಿದೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹಂಗಾಮು ಶುರು ಮಾಡಲು ನಡೆಸುವ ಕಬ್ಬಿನ ಮದುವೆಯ ಹಿಂದಿನ ದಿನ, ಬೆಳಗಿನ ಬಿಸಿಲು ಸುಂಬರ್‌ಲೆಗಿ ಸಕ್ಕರೆ ಕಾರ್ಖಾನೆಯ ಡಚ್ಚರ ಕಾಲದ ಚಿಮಣಿಯ ನೆರಳನ್ನು ಅಂಗಳದ ತುಂಬ ಉದ್ದಕ್ಕೆ ಮಲಗಿಸಿದ್ದಾಗ, ಕಂಪ್ಯೂಟರು ನೋಡಿಕೊಳ್ಳುವ ಪೊನಿರಾನನ ಸೊಂಟದ ವಾಕಿಟಾಕಿ ಗೊರಗೊರ ಎಂದು ಕೆಮ್ಮಿಕೊಂಡಿತು. ತೂಕದ ಮನೆಯಿಂದ ಅವನ ಸಹಾಯಕಿ ವೆನಿಂಗ್‌ಳ ದನಿ.

“ಇಲ್ಲ ಪಾಕ್. ಇವತ್ತೂ ಇಲ್ಲ. ಜಯೆಂಗ್ ಓಗೊಡ್ತಿಲ್ಲ.”

ಆ ಹೆಸರು ಬೇರೆಯವರ ಬಾಯಿಂದ ಬಂದಾಗಲೆಲ್ಲ ಒಂದು ಕ್ಷಣ ಉಸಿರು ಬಿಗಿಹಿಡಿಯುವ ಅಭ್ಯಾಸ ಅವನ ಮೈಗೆ ಅಂಟಿಕೊಂಡಿತ್ತು. ಆಮೇಲೆ ಸೊಂಟದ ಬೀಗದಕೈ ತೆಗೆದು, ಒಂದು ಕಾಲದಲ್ಲಿ ತಿಜೋರಿ ಕೋಣೆಯಾಗಿದ್ದ ದಪ್ಪ ಗೋಡೆಯ ಕೋಣೆಯ ಬಾಗಿಲು ತೆರೆದ. ತಣ್ಣಗಿನ ಗಾಳಿ, ಹಸಿರು ದೀಪಗಳು ಮಿಣಮಿಣ. ನಡುವೆ ಕರಿಯ ಪೆಟ್ಟಿಗೆ. ಕಾರ್ಖಾನೆಯ ಕಂಪ್ಯೂಟರುಗಳಿಗೆಲ್ಲ ಇದೇ ಊರ ಹಿರಿಯ. ಲಾರಿಗಳ ತೂಕವೆಲ್ಲ ಇದರ ಹೊಟ್ಟೆಯಲ್ಲಿ. ಜೊತೆಗೆ ಯಾವ ಕಂಪ್ಯೂಟರು ಯಾರ ಹೆಸರು ಹಿಡಿದು ಕೇಳಿದರೂ ‘ಅವನು ಇಂಥಾ ಅಂಕಿಯಲ್ಲಿದ್ದಾನೆ, ಹೋಗು’ ಎಂದು ದಾರಿ ತೋರಿಸುವುದೂ ಇದೇ. ಲೆಕ್ಕದ ಕಚೇರಿಯ ಕಂಪ್ಯೂಟರಿಗೆ ಕೆನಾಂಗಾ ಎಂದೂ ಪ್ರಯೋಗಶಾಲೆಯದಕ್ಕೆ ಮಲತಿ ಎಂದೂ ತೂಕದ ಮನೆಯದಕ್ಕೆ ಸೆರುನಿ ಎಂದೂ ಹೂವಿನ ಹೆಸರುಗಳನ್ನು ಇಟ್ಟವನು ಪೊನಿರಾನನೇ. ಈ ಪೆಟ್ಟಿಗೆಗೆ ಮಾತ್ರ ಹೂವಿನ ಹೆಸರು ಇಡಲಿಲ್ಲ. ಜಯೆಂಗ್ ಎಂದು ಇಟ್ಟ. ಯಾಕೆ ಎಂದು ಕೇಳಿದವರಿಗೆ “ಯಾಕೂ ಇಲ್ಲ, ಹಾಗೇ” ಅಂದ. ಕೆನಾಂಗಾ ಕರೆದರೆ ಜಯೆಂಗ್ ಓ ಎನ್ನುತ್ತಿತ್ತು. ಮಲತಿ ಕರೆದರೂ ಓ. ಸೆರುನಿ ಕರೆದರೆ ಮಾತ್ರ ಮೌನ. ಹಂಗಾಮಿನ ತಾಲೀಮು ಶುರುವಾದಂದಿನಿಂದ ತೂಕದ ಮನೆಯ ಮುಂದೆ ಲಾರಿ ನಿಂತು, ಚಾಲಕ ಲವಂಗದ ಸಿಗರೇಟು ಹಚ್ಚಿ, ಅದು ಮುಗಿದು, ಇನ್ನೊಂದು ಹಚ್ಚಿದರೂ ತೂಕ ಇಲ್ಲಿಗೆ ಬಂದು ಸೇರುತ್ತಿರಲಿಲ್ಲ.

ಕೇಬಲ್ಲು ಬದಲಿಸಿದ್ದ. ಕೇಬಲ್ಲು ಕೂಡುವ ಡಬ್ಬಿ ಬದಲಿಸಿದ್ದ. ಕಾಕಂಬಿ ತೊಟ್ಟಿಯ ಪಕ್ಕದ ಕಂಬಕ್ಕೆ ಏಣಿ ಹಾಕಿ, ಕೆಳಗೆ ನಿಂತ ಹೆಣ್ಣಾಳುಗಳು “ಪಾಕ್, ಮೇಲೇನು ಮಾವಿನಕಾಯಾ?” ಎಂದು ನಗುತ್ತಿದ್ದರೂ ಹತ್ತಿ ಇಳಿದಿದ್ದ. ಎಲ್ಲಕ್ಕಿಂತ ಮೊದಲು, ಮೊದಲ ದಿನವೇ, ಜೇಬು ನೋಡಿಸಿದ್ದ. ಜೇಬು ಎನ್ನುವುದು ಅವನೇ ಕಟ್ಟಿದ ಮಾತು, ವೆನಿಂಗ್‌ಗೆ ಕಲಿಸುವಾಗ. “ನೋಡು, ಹೆಸರು ಕೇಳಿದ ತಕ್ಷಣ ಪ್ರತಿ ಕಂಪ್ಯೂಟರೂ ಮೊದಲು ತನ್ನ ಜೇಬು ತಡಕುತ್ತೆ. ಅಲ್ಲೊಂದು ಸಣ್ಣ ಕಡತ ಇರುತ್ತೆ. ಅದರಲ್ಲಿ ಆ ಹೆಸರು ಬರೆದಿದ್ರೆ ಮುಗೀತು, ಯಾರನ್ನೂ ಕೇಳೋಕೆ ಹೋಗಲ್ಲ. ಸುಳ್ಳೋ ನಿಜವೋ, ಜೇಬಲ್ಲಿದ್ದದ್ದೇ ನಂಬುತ್ತೆ. ಜೇಬು ಖಾಲಿ ಇದ್ರೆ ಮಾತ್ರ ಹಿರಿಯರ ಹತ್ರ ಬರುತ್ತೆ. ನಮ್ಮ ಹಾಗೇನೇ.” ಅವಳು ಆಗ ನಕ್ಕಿದ್ದಳು. ಸೋಲೋ ಪಟ್ಟಣದಲ್ಲಿ ಡಿಪ್ಲೊಮಾ ಮಾಡಿ ಬಂದ ಹುಡುಗಿ, ತಲೆವಸ್ತ್ರದ ಅಂಚು ಸರಿಪಡಿಸಿಕೊಳ್ಳುತ್ತ ನಗುವವಳು. ಹೀಗಾಗಿ ಮೊದಲ ದಿನ ತೂಕದ ಮನೆಯಲ್ಲಿ ಅವಳ ಬೆನ್ನ ಹಿಂದೆ ನಿಂತು “ಜೇಬು ತೆಗೆ” ಎಂದಿದ್ದ. ಅವಳು ತೆಗೆದಳು. ಪರದೆಯ ಮೇಲೆ ಅಕ್ಷರಗಳು ಇರುವೆ ಸಾಲಿನಂತೆ ಕದಡಿಕೊಂಡಿದ್ದವು. ಕನ್ನಡಕ ಅಂಗಿಯ ಒಳಜೇಬಿನಲ್ಲೇ ಇತ್ತು. ಇಪ್ಪತ್ನಾಲ್ಕರ ಹುಡುಗಿಯ ಮುಂದೆ, ಬಾಗಿಲಲ್ಲಿ ಹಲ್ಲು ಕಿರಿಯುತ್ತ ನಿಂತ ಚಾಲಕರ ಮುಂದೆ, ಮುದುಕರ ಹಾಗೆ ಮೂಗಿನ ತುದಿಗೆ ಅದನ್ನು ಏರಿಸುವುದು ಅವನಿಂದ ಆಗಲಿಲ್ಲ. “ಏನಿದೆ ಓದು” ಎಂದ. “ಏನಿಲ್ಲ ಪಾಕ್, ಖಾಲಿ” ಎಂದಳು. ಅವನು ತಲೆಯಾಡಿಸಿದ, ತಾನೂ ನೋಡಿದವನಂತೆ.

ಈ ನಾಡಿನಲ್ಲಿ ಎಳೆಯ ಗಂಡಸರು ಮಾಸ್, ಹುಡುಗಿಯರು ಮ್ಬಾಕ್, ನಡುವಯಸ್ಸು ದಾಟಿದ ಗಂಡಸರೆಲ್ಲ ಪಾಕ್. ಸಕ್ಕರೆ ಕಾರ್ಖಾನೆಯಾದ್ದರಿಂದ ಅದರಲ್ಲೂ ಒಂದೆಳೆ, ಎರಡೆಳೆ ಎಂಬ ಭೇದವಿತ್ತು. ಮ್ಯಾನೇಜರು ಪಾಕ್ ಬಾಸ್ಕೊರೊ ಹೊಸದಾಗಿ ಬಂದ ಗಟ್ಟಿ ಪಾಕ. ಪೊನಿರಾನ್ ಎಷ್ಟು ವರ್ಷ ಕುದಿದರೂ ಎಳೆ ಬಾರದೆ ನೀರುನೀರಾಗಿ ಉಳಿದವನು. ತಾಲೀಮು ಕೆಟ್ಟ ಮಾರನೆಯ ದಿನ ಮೀಟಿಂಗಿನಲ್ಲಿ ಗಟ್ಟಿ ಪಾಕ ಅವನನ್ನು ಎಲ್ಲರೆದುರು ನಿಲ್ಲಿಸಿತ್ತು. “ಅಂಕಿ ಹಾಕಿದ್ರೆ ಸಿಗುತ್ತೆ ಅಂತೀರಿ. ಹಾಕ್ಬಿಡಿ ಮತ್ತೆ. ಹೆಸರಿನ ಹಟ ಯಾಕೆ?” ಪೊನಿರಾನ್ ಸುಮ್ಮನಿರಬಹುದಿತ್ತು. “ಅಂಕಿ ಬದಲಾಗುತ್ತೆ ಪಾಕ್. ಪೆಟ್ಟಿಗೆ ಬದಲಾದ್ರೆ, ಜಾಗ ಬದಲಾದ್ರೆ ಅಂಕಿ ಬದಲಾಗುತ್ತೆ. ಹೆಸರು ಬದಲಾಗಲ್ಲ” ಎಂದುಬಿಟ್ಟ, ಅಂದ ಮೇಲೆ ಆ ಮಾತಿನ ಉದ್ದಕ್ಕೂ ತನ್ನ ನಾಲಗೆಯೇ ತನ್ನನ್ನು ಅಣಕಿಸಿದಂತಾಗಿ ಕಿವಿ ಬಿಸಿಯಾದವು. ಹೆಸರು ಬದಲಾಗುವುದಿಲ್ಲವಂತೆ. ಯಾರು ಹೇಳಿದ್ದು, ಪೊನಿರಾನ್ ಹೇಳಿದ್ದು! ಮ್ಯಾನೇಜರು ಹಲ್ಲಿನ ಸಂದಿಯಿಂದ ಕರಿದ ಸೋಯಾ ಬಿಲ್ಲೆ ತೆಂಪೆಯ ಚೂರು ತೆಗೆಯುತ್ತ, “ಸರಿ. ಕಬ್ಬಿನ ಮದುವೆ ಹೊತ್ತಿಗೆ ನಿಮ್ಮ ಹೆಸರು ಓ ಅನ್ಬೇಕು. ಇಲ್ದಿದ್ರೆ ಸೆಮಾರಾಂಗಿಂದ ಕಂಪ್ಯೂಟರ್ ರಿಪೇರಿ ಜನ ಬರ್ತಾರೆ, ನೀವು ಹೊರಗೆ ಬಿಸಿಲಲ್ಲಿ ಲಾರಿ ಸಾಲು ನೋಡ್ಕೊಳಿ” ಎಂದರು. ಆಮೇಲೆ, ನೆನಪಾದವರಂತೆ, “ನಿಮ್ ಜೊತೆ ಆ ಹುಡುಗಿ ಇದಾಳಲ್ಲ, ಅವಳೇನು ಮಾಡ್ತಾಳೆ?”

ಸೆರುನಿಯನ್ನು ಹೊಂದಿಸಿದವಳು ಅವಳು. ಹೂವಿನ ಹೆಸರುಗಳನ್ನೆಲ್ಲ ಕರಿಯ ಪೆಟ್ಟಿಗೆಯೊಳಗೆ ಬರೆದವಳು ಅವಳು. ಅವನ ಬೆರಳು ತಡವರಿಸಿದ ಕಡೆಯೆಲ್ಲ ಮೆಲ್ಲಗೆ ಕೀಲಿಮಣೆ ತನ್ನತ್ತ ಎಳೆದುಕೊಂಡವಳು. ಆದರೆ ಬಿಸಿಲಲ್ಲಿ ಲಾರಿ ಸಾಲು ಎಂದದ್ದು ಇನ್ನೂ ನೆತ್ತಿಯ ಮೇಲೆ ಉರಿಯುತ್ತಿತ್ತು. “ಅವಳಾ? ಪರದೆ ಮೇಲೆ ಏನು ಬಂತು ಅಂತ ಓದಿ ಹೇಳ್ತಾಳೆ. ಅಷ್ಟೆ” ಎಂದ. ಹೊರಗೆ ಬರುವಾಗ ಬಾಗಿಲ ಪಕ್ಕದ ಬೆಂಚಿನಲ್ಲಿ ಅವಳು ಕೂತಿದ್ದಳು, ತೊಡೆಯ ಮೇಲೆ ಕೈ. ಕೇಳಿಸಿರಲಿಕ್ಕಿಲ್ಲ ಎಂದುಕೊಂಡ. ಫ್ಯಾನಿನ ಸದ್ದು ಜೋರಾಗಿತ್ತಲ್ಲ. ಮನೆಗೆ ಹೋಗುವ ದಾರಿಯಲ್ಲಿ ಬೈಕಿನ ಮೇಲೆ ಆ ಫ್ಯಾನಿನ ಸದ್ದನ್ನು ಮತ್ತೆ ಮತ್ತೆ ನೆನಪಿಸಿಕೊಂಡು, ಪ್ರತಿ ಸಲವೂ ಇನ್ನಷ್ಟು ಜೋರು ಮಾಡಿಕೊಂಡ.

ಈಗ ಕರಿಯ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಯಾರೂ ಇಲ್ಲವೆಂದು ಕನ್ನಡಕ ಏರಿಸಿಕೊಂಡು, ತಾನೇ ಬರೆದ ಸಾಲುಗಳನ್ನು ಮತ್ತೊಮ್ಮೆ ಓದಿದ. ತಪ್ಪಿಲ್ಲ. ಜಯೆಂಗ್, ಅದರ ಮುಂದೆ ಅಂಕಿ. ಇಷ್ಟು ಸರಿಯಾಗಿರುವಾಗ ತಪ್ಪು ಎಲ್ಲಿದೆ? ತಪ್ಪು ಹೆಸರಿನಲ್ಲೇ ಇರಬಹುದೇ ಎಂಬ ಯೋಚನೆ ಹೊಗೆಯಂತೆ ಒಳಬಂತು, ಅದನ್ನು ಅವನು ಕೈಬೀಸಿ ಓಡಿಸಲಿಲ್ಲ. ನಾಲ್ಕು ವರ್ಷದವರೆಗೆ ಅವನ ಹೆಸರು ಜಯೆಂಗ್ ಕುಸುಮೊ. ಅಪ್ಪ ಯಾವುದೋ ಹಟಕ್ಕೆ, ಕೂಲಿಯವನ ಮಗನಿಗೆ ಅರಮನೆಯ ಹೆಸರು ಇಟ್ಟಿದ್ದ. ಕೂಸಿಗೆ ತಿಂಗಳಿಗೊಮ್ಮೆ ಜ್ವರ, ಜ್ವರದ ಹಿಂದೆ ಸೆಳವು. ಕಣ್ಣು ಮೇಲೆ ಹೋಗಿ, ಹಲ್ಲು ಕಚ್ಚಿ, ಒದ್ದೆ ಬಟ್ಟೆಯಂತೆ ಬೀಳುತ್ತಿತ್ತು. ಅಜ್ಜಿ ಒಂದೇ ಮಾತು ಹೇಳಿದಳು: ಹೆಸರು ಭಾರ ಆಗಿದೆ, ಈ ಮಗು ಹೊರಲಾರದು. ಕೆಂಪು ಗಂಜಿ, ಬಿಳಿ ಗಂಜಿ ಮಾಡಿ, ಬಾಳೆಲೆಯಲ್ಲಿ ಕೇರಿಯ ಮಕ್ಕಳಿಗೆಲ್ಲ ಹಂಚಿ, “ಕೇಳ್ರಪ್ಪಾ, ಇವತ್ತಿಂದ ಈ ಕೂಸು ಪೊನಿರಾನ್” ಎಂದು ಸಾರಿದಳು. ಐದು ದಿನದ ಹಳೆಯ ವಾರದಲ್ಲಿ ಪೊನ್ ಎಂಬ ದಿನ ಹುಟ್ಟಿದವನು, ಪೊನಿರಾನ್. ಎತ್ತಿಗೂ ಎಮ್ಮೆಗೂ ಇಡಬಹುದಾದ ಹಗುರ ಹೆಸರು. ಆಮೇಲೆ ಅವನ ಕಿವಿಯಲ್ಲಿ ಹೇಳಿದಳು: “ಯಾರು ಹಳೇ ಹೆಸರಿಂದ ಕರೆದ್ರೂ ಓಗೊಡಬೇಡ. ಓಗೊಟ್ರೆ ಅದು ವಾಪಸ್ ಬಂದು ಬೆನ್ನ ಮೇಲೆ ಕೂರುತ್ತೆ.” ಹೇಳಿ, ಮನೆಯ ಹಿಂದೆ ಬಿದಿರು ಮೆಳೆಯ ಹತ್ತಿರ ಹೋಗಿ ಅವಳೇ ಕೂಗಿದಳು, ಪರೀಕ್ಷೆಗೆ. ಜಯೆಂಗ್, ಏ ಜಯೆಂಗ್. ಮೂರು ಸಲ. ಮಗುವಿನ ಬಾಯಿ ‘ಓ’ ಎಂದು ತೆರೆದುಕೊಂಡಿತ್ತು. ಅಮ್ಮ ಅಂಗೈಯಿಂದ ಒತ್ತಿ ಹಿಡಿದಳು. ಅಮ್ಮನ ಕೈಯಲ್ಲಿ ಬೆಲ್ಲದ ವಾಸನೆ ಇತ್ತು. ಆಮೇಲೆ ಸೆಳವು ಬರಲಿಲ್ಲ. ಅವನು ಬದುಕಿದ. ಬದುಕಿದವನು ಯಾರು ಎಂದು ಮಾತ್ರ ತಿಳಿಯಲಿಲ್ಲ. ಶಾಲೆಯಲ್ಲಿ, ಸಂತೆಯಲ್ಲಿ, ಮದುವೆಮನೆಯಲ್ಲಿ, ತನಗಿಂತ ಎತ್ತರದ, ತಲೆತಗ್ಗಿಸದ ಒಬ್ಬನು ತನ್ನ ಪಕ್ಕದಲ್ಲಿ ಬೆಳೆಯುತ್ತಲೇ ಇದ್ದಾನೆ ಎನಿಸುತ್ತಿತ್ತು. ಇದನ್ನು ಹೆಂಡತಿಗೂ ಹೇಳಿದವನಲ್ಲ. ಹೂವಿನ ಹೆಸರುಗಳು ಮುಗಿದು, ಕೊನೆಯ ಪೆಟ್ಟಿಗೆ ಉಳಿದಿದ್ದ ಒಂದು ಮಧ್ಯಾಹ್ನ, ಬಿಸಿ ಚಹಾದ ಮೇಲೆ, ವೆನಿಂಗ್‌ಗೆ ಹೇಳಿದ್ದ. ಬಿದಿರು ಮೆಳೆ, ಅಮ್ಮನ ಅಂಗೈ, ಎಲ್ಲ. ಅವಳು ನಗಲಿಲ್ಲ. “ಹಾಗಾದ್ರೆ ಇದಕ್ಕೆ ಅದೇ ಇಡೋಣ ಪಾಕ್. ಪೆಟ್ಟಿಗೆಗೆ ಜ್ವರ ಬರಲ್ಲ” ಎಂದು ಅವಳೇ ಆ ಅಕ್ಷರಗಳನ್ನು ಒತ್ತಿದ್ದಳು.

ಜ್ವರ ಬಂದಿತ್ತಲ್ಲ.

ವಾಕಿಟಾಕಿ ಮತ್ತೆ ಕೆಮ್ಮಿತು. ಈ ಸಲ ಮ್ಯಾನೇಜರ ದನಿ, ಮೂಗಿನಲ್ಲಿ ಹೊರಳಿ ಬರುವ ಗಟ್ಟಿ ದನಿ: “ಪಾಕ್ ಪೊನಿರಾನ್, ಕೂಡಲೇ ವರಾಂಡಕ್ಕೆ ಬನ್ನಿ. ಲ್ಯಾಪ್‌ಟಾಪ್ ಜೊತೆ.” ಪೊನಿರಾನ್ ದಡಬಡಿಸಿ ಎದ್ದ, ಕನ್ನಡಕ ಜೇಬಿಗೆ, ಬೀಗ, ಬೀಗದಕೈ ಸೊಂಟಕ್ಕೆ. ಅಂಗಳ ದಾಟುವಾಗ ನಾಳೆಯ ಮದುಮಕ್ಕಳನ್ನು ಸಿಂಗರಿಸುತ್ತಿದ್ದುದು ಕಂಡಿತು. ಹೊಲದಿಂದ ಆರಿಸಿ ತಂದ ಎರಡು ಜಲ್ಲೆ ಕಬ್ಬು. ಒಂದಕ್ಕೆ ಬಾತಿಕ್ ಪಂಚೆ, ಇನ್ನೊಂದಕ್ಕೆ ರವಿಕೆ, ಎರಡಕ್ಕೂ ಬಟ್ಟೆಯ ಮುಖ, ಮಲ್ಲಿಗೆಯ ಹಾರ. ಇಬ್ಬರಿಗೂ ಇವತ್ತು ಸಂಜೆ ಹೆಸರಿಡುತ್ತಾರೆ. ನಾಳೆ ಮೆರವಣಿಗೆ, ಮದುವೆ, ಆಮೇಲೆ ಮೊಟ್ಟಮೊದಲು ಗಾಣದ ಬಾಯಿಗೆ ಇವರನ್ನೇ. ಹೆಸರಿಟ್ಟ ಮೇಲೆ ನುರಿಸುವುದು, ನುರಿಸಲೆಂದೇ ಹೆಸರಿಡುವುದು. ಹಾರ ಕಟ್ಟುತ್ತಿದ್ದ ಹೆಂಗಸರು ಅವನನ್ನು ಕಂಡು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದುಕೊಂಡಂತೆ ಕಂಡಿತು. ಕಂಡಿತೋ, ತಾನೇ ಕಾಣಿಸಿಕೊಂಡನೋ.

ವರಾಂಡದಲ್ಲಿ ಚಾಪೆ ಹಾಸಿತ್ತು. ಇಡೀ ಕಚೇರಿ ಸುತ್ತ ಕೂತಿತ್ತು. ನಡುವೆ ಬಾಳೆಲೆಯ ಮೇಲೆ ಎರಡು ಮಣ್ಣಿನ ಬಟ್ಟಲು. ಒಂದರಲ್ಲಿ ಬಿಳಿ ಗಂಜಿ, ಇನ್ನೊಂದರಲ್ಲಿ ತಾಳೆಬೆಲ್ಲ ಹಾಕಿದ ಕೆಂಪು ಗಂಜಿ. ಮ್ಯಾನೇಜರು ಕುರ್ಚಿಯಲ್ಲಿ ಕೂತು ಏನನ್ನೋ ಕಾಯುವವರಂತೆ ಮೀಸೆಯಡಿ ನಗು ಅದುಮಿಕೊಂಡಿದ್ದರು. ವಾಕಿಟಾಕಿ ಅವರ ಕೈಯಲ್ಲಿರಲಿಲ್ಲ, ಮುರ್ದೊಕೊನ ಕೈಯಲ್ಲಿತ್ತು. ಮಳಿಗೆ ನೋಡಿಕೊಳ್ಳುವ ಈ ಮುರ್ದೊಕೊ ಕಾರ್ಖಾನೆಯಲ್ಲಿ ಯಾರ ದನಿ ಬೇಕಾದರೂ ತನ್ನ ಗಂಟಲಲ್ಲಿ ಇಟ್ಟುಕೊಂಡವನು. ಮಂತ್ರಿ ಬಂದಾಗ ಮಂತ್ರಿಯ ದನಿ, ಗಾಣ ನಿಂತಾಗ ಗಾಣದ ದನಿ.

“ಬನ್ನಿ ಪಾಕ್ ಪೊನಿರಾನ್, ಕೂಡಲೇ ಬನ್ನಿ” ಎಂದ ಮುರ್ದೊಕೊ, ಮ್ಯಾನೇಜರ ಮೂಗಿನಲ್ಲೇ. ಮ್ಯಾನೇಜರೇ ಮೊದಲು ನಕ್ಕರು. ಅದಾದ ಮೇಲೆ ಉಳಿದವರಿಗೆ ಅಪ್ಪಣೆ ಸಿಕ್ಕಿತು.

“ಏನಿದು ಮಾಸ್?” ಎಂದ ಪೊನಿರಾನ್, ಬಾಯಿ ಆಗಲೇ ಅರ್ಧ ನಗುತ್ತ. ಅಭ್ಯಾಸ.

“ಏನಿಲ್ಲ ಪಾಕ್. ಮಗೂಗೆ ಹುಷಾರಿಲ್ಲ ಅಂತ ಕೇಳ್ದೆ. ಕೇಬಲ್ ಡಾಕ್ಟ್ರು ನೋಡಿದ್ರಂತೆ, ಏಣಿ ಡಾಕ್ಟ್ರು ನೋಡಿದ್ರಂತೆ, ವಾಸಿ ಆಗ್ಲಿಲ್ವಂತೆ. ನಮ್ ಹಿರಿಯರ ಔಷಧಿ ಒಂದು ನೋಡೋಣ ಅಂತ.” ಮುರ್ದೊಕೊ ತಲೆಗೆ ಕರಿಟೋಪಿ ಏರಿಸಿ, ಕೈ ಮೇಲಕ್ಕೆತ್ತಿ, ಊರಿನ ಮಸೀದಿಯ ಮೋದಿನ್ ಪ್ರಾರ್ಥನೆಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವಂತೆಯೇ ಸರಿಮಾಡಿಕೊಂಡ. “ನೆರೆದ ಬಾಂಧವರೇ! ಈ ಮನೆಯ ಕಪ್ಪು ಕೂಸು, ಜಯೆಂಗ್ ಅನ್ನೋದು, ತೂಕದ ಮನೆಯವರು ಕರೆದ್ರೆ ಮಾತಾಡ್ತಿಲ್ಲ. ಕೂಸಿಂದೇನೂ ತಪ್ಪಿಲ್ಲ. ಹೆಸರು ಭಾರ ಆಗಿದೆ. ಹೊರೋಕಾಗ್ತಿಲ್ಲ. ಹಗುರ ಹೆಸರು ಒಂದು ಇಡ್ಬೇಕು. ಯಾವುದಿಡೋಣ?”

“ಪೊನಿರಾನ್!” ಎಂದು ಲೆಕ್ಕದ ಕಚೇರಿಯ ಸಾಲು ಒಟ್ಟಿಗೆ ಕೂಗಿತು, ತಾಲೀಮು ಮಾಡಿದ ಮಕ್ಕಳಂತೆ.

ನಗು ಅಲೆಯಾಗಿ ಬಂತು. ಪೊನಿರಾನನೂ ನಕ್ಕ. ನಗುತ್ತ, ಇದರಲ್ಲಿ ಇವರಿಗೆ ಎಷ್ಟು ಗೊತ್ತು ಎಂದು ಒಂದೊಂದೇ ಮುಖದಲ್ಲಿ ಹುಡುಕಿದ. ತನ್ನದು ಹಳ್ಳಿಯ ಹೆಸರು ಎಂದಷ್ಟೇ ಇರಬಹುದು. ಅಷ್ಟೇ ಇದ್ದರೆ ಸಾಕು, ದೇವರೇ. ಮುರ್ದೊಕೊ ಬಗ್ಗಿ, ಲ್ಯಾಪ್‌ಟಾಪಿನ ಕಿವಿಯಲ್ಲಿ ಹೇಳುವಂತೆ, ಹಲ್ಲಿಲ್ಲದ ಮುದುಕಿಯ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದ: “ಯಾರು ಹಳೇ ಹೆಸರಿಂದ ಕರೆದ್ರೂ ಓಗೊಡಬೇಡ ಕಂದಾ. ಓಗೊಟ್ರೆ ಅದು ವಾಪಸ್ ಬಂದು ಬೆನ್ನ ಮೇಲೆ ಕೂರುತ್ತೆ.”

ಗಂಜಿಯ ಬಟ್ಟಲು, ಚಾಪೆ, ಮೀಸೆಯಡಿಯ ನಗು ಎಲ್ಲವೂ ಒಂದು ಕ್ಷಣ ದೂರ ಸರಿದು, ಸಣ್ಣದಾಗಿ, ಮಸಕಾಗಿ ಕಂಡವು. ಆ ಮಾತು ಅಜ್ಜಿಯದು, ಅಕ್ಷರ ಬದಲಾಗದೆ. ಅದನ್ನು ಅಜ್ಜಿ ಕಿವಿಯಲ್ಲಿ ಹೇಳಿದ್ದು. ಅವನು ಒಬ್ಬಳಿಗೇ ಹೇಳಿದ್ದು.

“ಬರೀರಿ ಪಾಕ್, ಹೆಸರಿಡೋದು ಅಪ್ಪನ ಕೈಯಿಂದಾನೇ ಆಗ್ಬೇಕು” ಎಂದರು ಮ್ಯಾನೇಜರು, ಗಡಿಯಾರ ನೋಡಿ. ಎಲ್ಲರೂ ಬಾಗಿ ನೋಡುತ್ತಿದ್ದಂತೆ, ಕನ್ನಡಕವಿಲ್ಲದೆ, ಕೀಲಿಗಳ ಮೇಲೆ ಬೆರಳುಗಳ ಹಳೆಯ ಪರಿಚಯವನ್ನೇ ನಂಬಿ, ಅವನು ಕರಿಯ ಪೆಟ್ಟಿಗೆಯ ಅಂಕಿಯ ಪಕ್ಕದಲ್ಲಿ ತನ್ನ ಹೆಸರನ್ನು ಬರೆದ. ಅಂಕಿ ಅದೇ. ಕೇಬಲ್ಲು ಅದೇ. ಪೆಟ್ಟಿಗೆ ಅದೇ. ಹೆಸರೊಂದು ಬೇರೆ. ಇದರಿಂದ ಏನೂ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆಗದೆ ಹೋದರೆ ನಗು ಇವರ ಬಾಯಲ್ಲೇ ಒಣಗುತ್ತದೆ ಎಂಬ ಸಣ್ಣ ಸಮಾಧಾನವೂ ಇತ್ತು. ಮುರ್ದೊಕೊ ವಾಕಿಟಾಕಿ ಒತ್ತಿ, “ಮ್ಬಾಕ್ ವೆನಿಂಗ್, ಸೆರುನಿಗೆ ಹೇಳಮ್ಮ, ಇನ್ಮೇಲೆ ಪೊನಿರಾನ್ ಅಂತ ಕರೀಬೇಕಂತೆ” ಎಂದ. ಅಂಗಳದಾಚೆ ಕಬ್ಬು ತುಂಬಿದ ಲಾರಿ ಗುರುಗುಟ್ಟುತ್ತ ವೇಬ್ರಿಡ್ಜ್ ಹತ್ತಿತು. ವರಾಂಡದ ಗೋಡೆಯ ಪರದೆಯಲ್ಲಿ, ಇಷ್ಟು ದಿನ ಖಾಲಿ ಇದ್ದ ಕಡೆ, ತೂಕ ಬಂದು ಕೂತಿತು.

ಚಪ್ಪಾಳೆ. ಕೂಗು. ಯಾರೋ ಅವನ ಬೆನ್ನು ತಟ್ಟಿದರು. ಗಂಜಿ ಬಾಳೆಲೆಯ ತುಂಡುಗಳಿಗೆ ಬಿತ್ತು. ಪೊನಿರಾನ್ ಮಾತ್ರ ಪರದೆಯನ್ನೇ ನೋಡುತ್ತಿದ್ದ. ಬರಬಾರದಿತ್ತು. ಹೆಸರು ಬದಲಾಯಿಸಿದ ಮಾತ್ರಕ್ಕೆ ಬರಬಾರದಿತ್ತು. ಹೊಸ ಹೆಸರು ಸಿಕ್ಕಿ ಹಳೆಯದು ಸಿಗುವುದಿಲ್ಲವೆಂದರೆ ಸೆರುನಿ ಹಳೆಯ ಹೆಸರನ್ನು ಹಿರಿಯರ ಹತ್ತಿರ ಕೇಳಲು ಬಂದೇ ಇರಲಿಲ್ಲ. ಅದಕ್ಕೆ ಬೇರೆಲ್ಲೋ ಉತ್ತರ ಸಿಕ್ಕಿತ್ತು. ಬೇರೆಲ್ಲಿ ಎಂದರೆ ಒಂದೇ ಜಾಗ. ಅವನು ಕಲಿಸಿದ ಜಾಗ.

“ತೂಕ ಸರೀಗಿದೆಯಾ ನೋಡ್ಕೊಂಡು ಬರ್ತೀನಿ” ಎಂದು ಹೊರಟ. ಯಾರೂ ಕೇಳಿಸಿಕೊಳ್ಳಲಿಲ್ಲ.

ತೂಕದ ಮನೆಯಲ್ಲಿ ವೆನಿಂಗ್ ಒಬ್ಬಳೇ ಇದ್ದಳು. ಅವನನ್ನು ಕಂಡು ಕುರ್ಚಿಯಿಂದ ಎದ್ದು ಗೋಡೆಯ ಕಡೆ ಸರಿದಳು, ಏನೂ ಕೇಳದೆ. ಅವನು ಕೂತ. ಒಳಜೇಬಿನಿಂದ ಕನ್ನಡಕ ತೆಗೆದ, ಅಂಗಿಯ ಅಂಚಿನಿಂದ ಒರೆಸಿದ, ಮೂಗಿಗೆ ಏರಿಸಿದ. ಅವಳು ಅದನ್ನು ನೋಡಿದಳು. ಜೇಬು ತೆರೆದ. ಅಕ್ಷರಗಳು ಈಗ ಇರುವೆಗಳಾಗಿರಲಿಲ್ಲ. ಒಂದೇ ಸಾಲು. ಜಯೆಂಗ್, ಅದರ ಮುಂದೆ ಜಗತ್ತಿನ ಎಲ್ಲ ಕಂಪ್ಯೂಟರುಗಳೂ ತಮ್ಮನ್ನು ತಾವು ಕರೆದುಕೊಳ್ಳುವ ಅಂಕಿ. ‘ನಾನು’ ಎನ್ನುವುದರ ಅಂಕಿ. ಜಯೆಂಗ್ ಎಲ್ಲಿ ಎಂದು ಕೇಳಿದಾಗಲೆಲ್ಲ ಈ ಬಡಪಾಯಿ ಯಂತ್ರ ಜೇಬು ನೋಡಿಕೊಂಡು, ಓ, ಅದು ನಾನೇ ಎಂದುಕೊಂಡು, ತನ್ನೊಳಗೇ ಹುಡುಕಿ, ಅಲ್ಲಿ ಯಾರೂ ಇಲ್ಲದೆ ಸುಮ್ಮನಾಗುತ್ತಿತ್ತು. ಪೊನಿರಾನ್‌ಗೆ ಆ ಸಾಲಿನ ಮೇಲೆ ಸಿಟ್ಟು ಬರಲಿಲ್ಲ. ತನ್ನನ್ನು ಯಾರೋ ತುಂಬ ಹತ್ತಿರದಿಂದ ನೋಡಿ ಬರೆದಂತಿತ್ತು.

“ಮಾಸ್ ಮುರ್ದೊಕೊ ಹೇಳಿದ್ರು, ನಾನು ಬರೆದೆ” ಎಂದಳು ವೆನಿಂಗ್. “ಒಂದು ದಿನದ ತಮಾಷೆ ಅಂತ. ಗಂಜಿ ಮಾಡಿಸಿ ನಗ್ಸೋಣ ಅಂತ.”

“ನಾನ್ಹೇಳಿದ್ದನ್ನೂ ಅವನಿಗೆ ಹೇಳ್ದೆ.”

“ಹೇಳ್ದೆ.”

“ಇಷ್ಟು ದಿನ ನಾನು ಏಣಿ ಹತ್ತಿ ಇಳಿದೆ. ದಿನಾ ಕೇಳ್ದೆ ನಿನ್ನ. ಖಾಲಿ ಅಂದೆ.”

ಹೊರಗೆ ಲಾರಿ ಇಳಿದು ಹೋಯಿತು, ನೆಲ ಸ್ವಲ್ಪ ನಡುಗಿತು. ಅವಳು ತಲೆವಸ್ತ್ರದ ಅಂಚು ಮುಟ್ಟಿಕೊಳ್ಳಲಿಲ್ಲ. “ಮಾರನೇ ದಿನ ಅಳಿಸ್ಬೇಕು ಅಂತಾನೇ ಬಂದಿದ್ದೆ ಪಾಕ್. ಅವತ್ತೇ ನಿಮ್ ಮೀಟಿಂಗು. ಬೆಂಚಿನ ಮೇಲೆ ಕೂತಿದ್ದೆ.” ಅವನ ದನಿಯನ್ನು ಅಣಕಿಸದೆ, ಮುರ್ದೊಕೊ ಆಗಿದ್ದರೆ ಅಣಕಿಸುತ್ತಿದ್ದ, ತನ್ನದೇ ತೆಳ್ಳಗಿನ ದನಿಯಲ್ಲಿ ಹೇಳಿದಳು: “ಓದಿ ಹೇಳೋದಷ್ಟೇ ಅಲ್ವಾ ನನ್ನ ಕೆಲಸ? ಓದ್ದೆ. ಹೇಳ್ದೆ.”

ಹಾಗಾದರೆ ಫ್ಯಾನು ಅಷ್ಟು ಜೋರಾಗಿರಲಿಲ್ಲ.

ಬೆರಳು ಅಳಿಸುವ ಕೀಲಿಯ ಮೇಲಿತ್ತು. ಈ ಒಂದು ಸಾಲು ಅಳಿಸಿದರೆ ಜಯೆಂಗ್ ಎದ್ದು ಕೂರುತ್ತಾನೆ. ಅಥವಾ ಅಳಿಸದೆ, ಹೀಗೇ ಬಿಟ್ಟು, ಮ್ಯಾನೇಜರನ್ನು ಕರೆತಂದು ತೋರಿಸಿದರೆ ಹುಡುಗಿ ನಾಳೆಯಿಂದ ಇಲ್ಲಿರುವುದಿಲ್ಲ. ತೋರಿಸಿದರೆ ಮ್ಯಾನೇಜರು ಒಂದೇ ಪ್ರಶ್ನೆ ಕೇಳುತ್ತಾರೆ: ಇಷ್ಟು ದಿನ ನೀವ್ಯಾಕೆ ನೋಡ್ಲಿಲ್ಲ? ಅದಕ್ಕೆ ಅವನ ಹತ್ತಿರ ಉತ್ತರವಿತ್ತು, ಮೂಗಿನ ಮೇಲೇ ಕೂತಿತ್ತು. ಅವನು ಕಡತ ಮುಚ್ಚಿದ, ಏನೂ ಮುಟ್ಟದೆ. ಕನ್ನಡಕ ಮಡಚಿದ. ವೆನಿಂಗ್ ಏನೋ ಹೇಳಲು ಬಾಯಿ ತೆರೆದಳು, ಕ್ಷಮೆಯಿರಬಹುದು, ಇರಲಾರದು. ಅವನು ಕೇಳಲು ನಿಲ್ಲಲಿಲ್ಲ.

ವರಾಂಡದಲ್ಲಿ ಗಂಜಿ ಮುಗಿಯುತ್ತ ಬಂದಿತ್ತು. ಅವನ ಪಾಲಿನ ಎಲೆ ತೆಗೆದಿಟ್ಟಿದ್ದರು. ಕೆಂಪು ಗಂಜಿ ಬಾಯಿಗಿಟ್ಟಾಗ ತಾಳೆಬೆಲ್ಲದ ವಾಸನೆ ಮೂಗಿಗೆ ಹೊಡೆದು ಕಣ್ಣು ತೇವವಾಯಿತು. “ಅಪ್ಪಂಗೆ ಆನಂದಬಾಷ್ಪ!” ಎಂದ ಮುರ್ದೊಕೊ. ಮ್ಯಾನೇಜರು ಕೈ ಒರೆಸಿಕೊಂಡು ಎದ್ದರು. ತಮಾಷೆಯ ಬಿಸಿ ಆರುವ ಮುಂಚೆ ಕೆಲಸ ಮುಗಿಸುವ ಜಾಣತನ ಅವರದು.

“ಆಯ್ತು. ಸೆಮಾರಾಂಗಿನವರು ಬೇಡ, ಖರ್ಚು ಉಳೀತು. ಆದ್ರೆ ಪಾಕ್ ಪೊನಿರಾನ್, ಗಂಜಿಯಿಂದ ವಾಸಿಯಾಗೋ ಕಾಯಿಲೇಗೆ ನೀವು ಇಷ್ಟು ದಿನ ತಗೊಂಡ್ರಿ. ಬೇಜಾರ್ ಮಾಡ್ಕೋಬೇಡಿ. ಈ ಹಂಗಾಮಿಗೆ ಆ ಕೋಣೆ ಮ್ಬಾಕ್ ವೆನಿಂಗ್ ನೋಡ್ಕೊಳ್ಳಲಿ, ಎಳೇ ಕಣ್ಣು, ಚುರುಕಾಗಿದಾಳೆ. ನೀವು ಅಂಗಳದಲ್ಲಿ ಲಾರಿ ಸಾಲು. ಒಳಗೆ ಒಬ್ಬ ಪೊನಿರಾನ್, ಹೊರಗೆ ಒಬ್ಬ ಪೊನಿರಾನ್. ಸಾಕಲ್ಲ?”

ಮಾತಿಗೆ ಎಲ್ಲರೂ ನಕ್ಕರು, ಆದರೆ ಈ ಸಲ ಅವನ ಮುಖ ನೋಡಿಕೊಂಡು ನಕ್ಕರು. ತಮಾಷೆ ಇಲ್ಲಿಯವರೆಗೆ ಹೋಗುತ್ತದೆಂದು ಮುರ್ದೊಕೊನೂ ಎಣಿಸಿರಲಿಲ್ಲವೇನೋ. ಅವನ ಟೋಪಿ ಕೈಗೆ ಬಂದಿತ್ತು. ಒಂದು ಮಾತು ಸಾಕಿತ್ತು ಪೊನಿರಾನ್‌ಗೆ. ಜೇಬು ನೋಡಿ ಪಾಕ್, ಎಂದರೆ ಸಾಕಿತ್ತು. ಅವನು ಸೊಂಟದ ಬೀಗದಕೈ ಬಿಚ್ಚಿದ. ಬಿಚ್ಚುವಾಗ ಉಗುರಿಗೆ ಸಿಕ್ಕಿಕೊಂಡು ತಡವಾಯಿತು, ಅಷ್ಟು ಹೊತ್ತೂ ಎಲ್ಲರೂ ಕಾದರು. ಬಾಳೆಲೆಯ ಪಕ್ಕದಲ್ಲಿಟ್ಟ.

ಬಿಗಿದ ಗಾಳಿಯನ್ನು ಸಡಿಲಿಸಲೆಂದೇ ಇರಬೇಕು, ಮುರ್ದೊಕೊ ಟೋಪಿಯನ್ನು ಮತ್ತೆ ತಲೆಗೇರಿಸಿ ಎದ್ದ. “ತಾಳಿ ತಾಳಿ, ಪರೀಕ್ಷೆ ಆಗ್ಲಿಲ್ಲ! ಹಳೇ ಹೆಸರು ಹೋಯ್ತೋ ಇಲ್ವೋ ನೋಡ್ಬೇಡ್ವಾ?” ವಾಕಿಟಾಕಿ ಹಿಡಿದು ವರಾಂಡದ ಕಂಬದ ಹಿಂದೆ ಹೋಗಿ ಅವಿತು ಕೂಗಿದ: “ಜಯೆಂಗ್! ಏ ಜಯೆಂಗ್!” ಮ್ಯಾನೇಜರ ಮೂಗಿನಲ್ಲಿ. ನಗು. “ಜಯೆಂಗ್! ಏ ಜಯೆಂಗ್!” ಮೋದಿನ್‌ನ ರಾಗದಲ್ಲಿ. ಇನ್ನೂ ಜೋರು ನಗು. ಮೂರನೆಯ ಸಲ ಅವನ ಹತ್ತಿರ ಉಳಿದಿದ್ದುದು ಆ ಹಲ್ಲಿಲ್ಲದ ಮುದುಕಿಯ ದನಿ. ಅವನು ಪೊನಿರಾನನ ಅಜ್ಜಿಯನ್ನು ಕಂಡವನಲ್ಲ, ಅವಳು ಸತ್ತು ಮಣ್ಣಾಗಿ ಎಷ್ಟೋ ಕಾಲವಾಗಿತ್ತು. ಆದರೂ ಕಂಬದ ಹಿಂದಿನಿಂದ ಬಂದದ್ದು ಬಿದಿರು ಮೆಳೆಯ ಹಿಂದಿನಿಂದಲೇ ಬಂತು, ಅದೇ ಏರಿಳಿತ, ಕೊನೆಯಲ್ಲಿ ಅದೇ ಚೂರು ಬಿರುಕು.

“ಜಯೆಂಗ್... ಏ ಜಯೆಂಗ್...”

ಪೊನಿರಾನನ ಬಾಯಿ ತೆರೆದುಕೊಂಡಿತು. ಹೊಟ್ಟೆಯ ಆಳದಿಂದ ಒಂದು ‘ಓ’ ಹೊರಟು, ಎದೆ ದಾಟಿ, ಗಂಟಲಿಗೆ ಬಂದು, ನಾಲಗೆಯ ಮೇಲೆ ನಿಂತಿತು. ಇಡೀ ಕಚೇರಿ ಅವನನ್ನೇ ನೋಡುತ್ತಿತ್ತು, ಪೆಟ್ಟಿಗೆಯನ್ನಲ್ಲ. ಹಾಗಾದರೆ ಎಲ್ಲರಿಗೂ ಗೊತ್ತು. ಒತ್ತಿ ಹಿಡಿಯಲು ಬಾಯಿಯ ಮೇಲೆ ಯಾರ ಅಂಗೈಯೂ ಇರಲಿಲ್ಲ. ತೆರೆದ ಬಾಯಿಯನ್ನು ಏನಾದರೂ ಮಾಡಲೇಬೇಕಿತ್ತು. ಅವನು ನಕ್ಕ. ಮೊದಲು ಗೊಗ್ಗರಾಗಿ ಬಂತು, ಆಮೇಲೆ ಹರಿಯಿತು. ತೊಡೆ ತಟ್ಟಿ, ಹಿಂದಕ್ಕೆ ಬಾಗಿ, ಕಣ್ಣಲ್ಲಿ ನೀರು ಸುರಿಸಿ ನಕ್ಕ. ಉಳಿದವರು ಸಮಾಧಾನದಿಂದ ಅವನ ಜೊತೆ ನಕ್ಕರು, ನಕ್ಕು ದಣಿದರು, ಒಬ್ಬೊಬ್ಬರಾಗಿ ಬಾಯಿ ಒರೆಸಿಕೊಂಡು ಎಲೆ ಎತ್ತಿಕೊಂಡು ಎದ್ದರು. ಮುರ್ದೊಕೊನ ಬೆರಳು ವಾಕಿಟಾಕಿಯ ಗುಂಡಿಯ ಮೇಲೆ ಹಾಗೇ ಮರೆತುಹೋಗಿತ್ತು. ಅಂಗಳದಾಚೆ ತೂಕದ ಮನೆಯ ಕಿಟಕಿಯಲ್ಲಿ ವೆನಿಂಗ್ ನಿಂತಿದ್ದಳು, ಎರಡೂ ಕೈ ಸರಳಿನ ಮೇಲೆ. ಅವಳ ಪಕ್ಕದಲ್ಲಿದ್ದ ವಾಕಿಟಾಕಿಯಿಂದಲೂ ಅದೇ ನಗು ಹೊರಬಿದ್ದು, ಒಂದು ಗಳಿಗೆ ತಡವಾಗಿ, ಖಾಲಿ ಅಂಗಳ ದಾಟಿ, ಸಿಂಗಾರಗೊಂಡ ಎರಡು ಕಬ್ಬಿನ ಜಲ್ಲೆಗಳನ್ನು ದಾಟಿ ವಾಪಸು ಬರುತ್ತಿತ್ತು. ಅದನ್ನು ಕೇಳಿ ಪೊನಿರಾನ್ ಇನ್ನೂ ಜೋರಾಗಿ ನಕ್ಕ.